ತಿಂಗಳಿಗೆರಡು ಗಂಟೆ ಹಾರಿ ಪೈಲಟ್ ಆಗಬಹುದೇ?

ಪ್ರಶ್ನೆ: ನನ್ನಲ್ಲಿ ಒಟ್ಟಿಗೆ ದೊಡ್ಡ ಮೊತ್ತವಿಲ್ಲ, ಸಾಲ ಮಾಡುವ ಧೈರ್ಯವೂ ಇಲ್ಲ. ಕೆಲಸದಲ್ಲಿದ್ದುಕೊಂಡೇ, ಸಂಬಳದಲ್ಲಿ ಉಳಿದ ಹಣದಿಂದ ತಿಂಗಳಿಗೆ ಒಂದೆರಡು ಗಂಟೆ ಹಾರಾಟ ಕಲಿಯುತ್ತಾ ಹೋದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಕಡಿಮೆ ಖರ್ಚಿನಲ್ಲಿ ಸಿಗುವುದಿಲ್ಲವೇ?

ಉತ್ತರ: ಈ ಪ್ರಶ್ನೆಗೆ ಎಷ್ಟನೆಯ ಸಲ ಉತ್ತರಿಸುತ್ತಿದ್ದೇನೆ ಎಂಬ ಲೆಕ್ಕ ಇಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಸ್ವಂತ ದುಡಿಮೆಯಿಂದ, ಸಾಲವಿಲ್ಲದೆ, ಹಂತ ಹಂತವಾಗಿ ಲೈಸೆನ್ಸ್ ಪಡೆಯುವುದು ಖಂಡಿತ ಸಾಧ್ಯ. ಮಾಡ್ಯುಲರ್ ತರಬೇತಿ ಎಂಬ ಪದ್ಧತಿ ಅಂಥವರಿಗೂ ಅನುಕೂಲವಾಗಿದೆ. ಆದರೆ ನೀವು ಹೇಳುವ ರೀತಿಯಲ್ಲಿ ಅದು ಅಗ್ಗವಾಗುವುದಿಲ್ಲ, ದುಬಾರಿಯಾಗುತ್ತದೆ.

ಈ ಯೋಜನೆಯ ಬುಡದಲ್ಲಿರುವ ನಂಬಿಕೆ ಒಂದೇ: ಹಾರಾಟದ ಗಂಟೆಯನ್ನು ಯಾವಾಗ ಕೊಂಡರೂ ಅದರ ಬೆಲೆ ಅಷ್ಟೇ, ಆದ್ದರಿಂದ ನಿಧಾನವಾಗಿ ಕೊಂಡರೆ ನಷ್ಟವೇನೂ ಇಲ್ಲ ಎಂಬುದು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದಂತೆ ಕಮರ್ಷಿಯಲ್ ಲೈಸೆನ್ಸಿಗೆ ಕನಿಷ್ಠ 200 ಗಂಟೆ ಬೇಕು. ಮಾನ್ಯತೆ ಪಡೆದ, ನಡುವೆ ನಿಲ್ಲದೆ ಒಂದೇ ಸಮನೆ ನಡೆಯುವ ಅಖಂಡ ಕೋರ್ಸಿನಲ್ಲಿ 150 ಸಾಕು. ಅಮೆರಿಕದ ಸಾಮಾನ್ಯ ಮಾರ್ಗದಲ್ಲಿ 250. ಇನ್ನೂರನ್ನು ಎರಡರಿಂದ ಭಾಗಿಸಿದರೆ 100 ತಿಂಗಳು, ಅಂದರೆ ಎಂಟು ವರ್ಷ ನಾಲ್ಕು ತಿಂಗಳು. ಇಷ್ಟು ಹೇಳಿದರೂ ಜನ ಜಗ್ಗುವುದಿಲ್ಲ. 'ಆಗಲಿ, ನನಗೆ ಅವಸರವಿಲ್ಲ' ಎನ್ನುತ್ತಾರೆ. ಆದರೆ ಆ 200 ಎನ್ನುವುದು ಕನಿಷ್ಠ ಮಿತಿ. ತಿಂಗಳಿಗೊಮ್ಮೆ ಹಾರುವವರಿಗೆ ಅದು ಇನ್ನೂರಾಗಿಯೇ ಉಳಿಯುವುದಿಲ್ಲ.

ಸರ್ಕ್ಯೂಟ್ ಅಭ್ಯಾಸದ, ಅಂದರೆ ರನ್‌ವೇ ಸುತ್ತ ಹಾರಿ ಮತ್ತೆ ಮತ್ತೆ ಇಳಿಯುವ ಅಭ್ಯಾಸದ, ಒಂದು ಪಾಠವನ್ನೇ ನೋಡಿ. ಎಂಜಿನ್ ಚಾಲೂ ಆದೊಡನೆ ಹೆಚ್ಚಿನ ವಿಮಾನಗಳಲ್ಲಿ ಹಣ ಕಟ್ಟಬೇಕಾದ ಸಮಯವನ್ನು ಎಣಿಸುವ ಹಾಬ್ಸ್ ಮೀಟರ್ ಓಡತೊಡಗುತ್ತದೆ. ವಿಮಾನವನ್ನು ನೆಲದ ಮೇಲೆ ಓಡಿಸಿಕೊಂಡು ಹೋಗಿ, ರನ್‌ವೇ ಪಕ್ಕದಲ್ಲಿ ಎಂಜಿನ್ ಪರೀಕ್ಷೆ ಮುಗಿಸಿ, ಅನುಮತಿಗೆ ಕಾಯುವುದರೊಳಗೆ ಹತ್ತು ಹದಿನೈದು ನಿಮಿಷದ ಹಣ ನೆಲದ ಮೇಲೆಯೇ ಕರಗಿರುತ್ತದೆ. ಉಳಿದ ಸಮಯದಲ್ಲಿ ಏಳೆಂಟು ಲ್ಯಾಂಡಿಂಗ್ ಮಾಡಬಹುದು. ಎರಡು ದಿನದ ಹಿಂದೆಯಷ್ಟೇ ಹಾರಿದ ವಿದ್ಯಾರ್ಥಿ ಮೊದಲ ಸುತ್ತಿನಲ್ಲೇ ಹಿಂದಿನ ಪಾಠ ನಿಂತಲ್ಲಿಂದ ಮುಂದುವರಿಯುತ್ತಾನೆ. ಐದು ವಾರದ ಬಳಿಕ ಬಂದವನು ಮೊದಲ ಮೂರು ಸುತ್ತನ್ನು ವೇಗ ಹಿಡಿದಿಡುವುದರಲ್ಲಿಯೂ, ಇಳಿಯುವಾಗ ವಿಮಾನದ ಮೂಗನ್ನು ಎಷ್ಟು ಎತ್ತರದಲ್ಲಿ ಎತ್ತಬೇಕು ಎಂಬ ಕಣ್ಣಳತೆಯನ್ನು ಮರಳಿ ಹುಡುಕುವುದರಲ್ಲಿಯೂ ಕಳೆಯುತ್ತಾನೆ. ಕೈ ಕುದುರುವ ಹೊತ್ತಿಗೆ ಪಾಠ ಮುಗಿದಿರುತ್ತದೆ, ಮುಂದಿನ ಪಾಠ ಮತ್ತೆ ಐದು ವಾರದ ನಂತರ. ತಳ ಸೋರುವ ಕೊಡಕ್ಕೆ ನೀರು ಹೊಯ್ಯುವ ಕೆಲಸವಿದು. ಇದಕ್ಕೆ ಬುದ್ಧಿವಂತಿಕೆಯ ಕೊರತೆ ಕಾರಣವಲ್ಲ; ಆರಂಭದ ಹಂತದಲ್ಲಿ ಕೈಚಳಕ ಮನಸ್ಸಿನಲ್ಲಿ ಊರುವುದಕ್ಕೆ ಮುನ್ನವೇ ಮಾಸುತ್ತದೆ, ಎಲ್ಲರಿಗೂ.

ನಿಯಮಗಳಿಗೂ ತಮ್ಮದೇ ಗಡಿಯಾರವಿದೆ. ಅಮೆರಿಕದಲ್ಲಿ ವಿದ್ಯಾರ್ಥಿ ಬೋಧಕರಿಲ್ಲದೆ ಒಬ್ಬನೇ ಹಾರುವ ಸೋಲೋ ಅನುಮತಿಯ ಅವಧಿ 90 ದಿನ, ಲಿಖಿತ ಪರೀಕ್ಷೆಯ ಫಲಿತಾಂಶಕ್ಕೆ 24 ತಿಂಗಳು. ಯುರೋಪಿನ ನಿಯಮದಲ್ಲಿ ಪರೀಕ್ಷೆಗಳನ್ನು ಮುಗಿಸಿದ 36 ತಿಂಗಳೊಳಗೆ ಕಮರ್ಷಿಯಲ್ ಲೈಸೆನ್ಸ್ ಪಡೆಯಬೇಕು. ಪ್ರಥಮ ದರ್ಜೆಯ ವೈದ್ಯಕೀಯ ಪ್ರಮಾಣಪತ್ರದ ಸಾಮಾನ್ಯ ಅವಧಿ 12 ತಿಂಗಳು. ಎಂಟು ವರ್ಷದ ಯೋಜನೆ ಹಾಕಿಕೊಂಡವರು ಈ ಶುಲ್ಕಗಳನ್ನೆಲ್ಲ ಮತ್ತೆ ಮತ್ತೆ ಕಟ್ಟುತ್ತಾರೆ, ಮರೆತ ವಿಷಯವನ್ನೇ ಮತ್ತೆ ಓದುತ್ತಾರೆ, ಅಷ್ಟರಲ್ಲಿ ಹಾರಾಟದ ದರವೂ ಏರಿರುತ್ತದೆ.

ಹಾಗಾದರೆ ಕಡಿಮೆ ಹಣವಿರುವವರು ಏನು ಮಾಡಬೇಕು? ಹಣವನ್ನು ನಿಧಾನವಾಗಿ ಕೂಡಿಸಿ, ಹಾರಾಟವನ್ನು ಬೇಗ ಮುಗಿಸಬೇಕು. ಬಿಡಿಗಾಸನ್ನೂ ಖರ್ಚು ಮಾಡುವ ಮೊದಲು ಪ್ರಥಮ ದರ್ಜೆಯ ವೈದ್ಯಕೀಯ ಪರೀಕ್ಷೆ ಮಾಡಿಸಿಕೊಳ್ಳಿ. ವರ್ಣದೃಷ್ಟಿಯ ದೋಷವೋ ಹೃದಯದ ತೊಂದರೆಯೋ ಅರ್ಧ ದಾರಿಯಲ್ಲಿ ಗೊತ್ತಾದರೆ ಯಾರೂ ಹಣ ಹಿಂದಿರುಗಿಸುವುದಿಲ್ಲ. ಕೆಲಸದಲ್ಲಿರುವಾಗ ಮಾಡಬಹುದಾದದ್ದು ಓದು. ಹವಾಮಾನಶಾಸ್ತ್ರ, ನ್ಯಾವಿಗೇಷನ್, ನಿಯಮಾವಳಿ ಇವುಗಳಿಗೆ ಸಂಜೆಯ ಬಿಡುವು ಸಾಕು. ಒಂದು ಹಂತಕ್ಕೆ, ಉದಾಹರಣೆಗೆ ಖಾಸಗಿ ಪೈಲಟ್ ಲೈಸೆನ್ಸಿಗೆ, ಬೇಕಾದ ಪೂರ್ತಿ ಹಣವೂ ಅದರ ಮೇಲೆ ಕಾಲುಭಾಗ ಹೆಚ್ಚುವರಿಯೂ ಕೈಯಲ್ಲಿ ಸೇರಿದ ಮೇಲೆ ರಜೆ ಹಾಕಿ, ವಾರಕ್ಕೆ ಮೂರು ನಾಲ್ಕು ಸಲ ಹಾರಿ, ಆ ಹಂತವನ್ನು ಮುಗಿಸಿಬಿಡಿ. ನಿಲ್ಲಿಸುವುದಿದ್ದರೆ ಲೈಸೆನ್ಸ್ ಕೈಗೆ ಬಂದ ಮೇಲೆ ನಿಲ್ಲಿಸಿ, ನಡುವೆ ಬೇಡ. ಆನಂತರ ಬರುವ ಗಂಟೆ ಕೂಡಿಸುವ ಹಂತದಲ್ಲಿ ತುಸು ನಿಧಾನ ಸಹ್ಯ, ಏಕೆಂದರೆ ಆಗ ಕೈ ಪಳಗಿರುತ್ತದೆ, ಬೋಧಕರ ಶುಲ್ಕವೂ ಇರುವುದಿಲ್ಲ. ಆದರೆ ಗಂಟೆಗಾಗಿ ಗಂಟೆ ಹಾರಬೇಡಿ. ಇನ್ನೂರು ಗಂಟೆಯ ಮಾರ್ಗದಲ್ಲಿ 100 ಗಂಟೆ ಪೈಲಟ್ ಇನ್ ಕಮಾಂಡ್, ಅಂದರೆ ವಿಮಾನದ ಪೂರ್ತಿ ಹೊಣೆ ಹೊತ್ತ ಪೈಲಟ್, ಆಗಿರಬೇಕು, ಅದರಲ್ಲಿ 20 ಗಂಟೆ ದೂರಪ್ರಯಾಣವಾಗಿರಬೇಕು, ಎರಡು ಬೇರೆ ವಿಮಾನ ನಿಲ್ದಾಣಗಳಲ್ಲಿ ಇಳಿದು ಕನಿಷ್ಠ 540 ಕಿಲೋಮೀಟರ್ ಕ್ರಮಿಸುವ ಒಂದು ಹಾರಾಟವೂ ಇರಬೇಕು. ಇವನ್ನು ಮೊದಲೇ ಕಾಗದದ ಮೇಲೆ ಹೊಂದಿಸಿಕೊಂಡವರಿಗೆ ಪ್ರತಿ ಹಾರಾಟವೂ ಲಾಗ್‌ಬುಕ್ಕಿನ ಎರಡು ಮೂರು ಕಾಲಮ್ಮುಗಳನ್ನು ಒಮ್ಮೆಗೇ ತುಂಬುತ್ತದೆ.

ಇಲ್ಲಿ ನೀವು ಕೇಳದ ಒಂದು ವಿಷಯ ಹೇಳಲೇಬೇಕು. ಹಣ ಕೂಡಿಟ್ಟುಕೊಂಡು ಬಂದವರ ಮುಂದೆ ಶಾಲೆಗಳು ಇಡುವ ಮೊದಲ ಆಮಿಷವೆಂದರೆ, ಪೂರ್ತಿ ಶುಲ್ಕ ಮುಂಗಡವಾಗಿ ಕಟ್ಟಿದರೆ ರಿಯಾಯಿತಿ ಎಂಬುದು. ಅಮೆರಿಕದ ಸಿಲ್ವರ್ ಸ್ಟೇಟ್ ಹೆಲಿಕಾಪ್ಟರ್ಸ್ ಎಂಬ ದೊಡ್ಡ ತರಬೇತಿ ಸಂಸ್ಥೆ 2008ರ ಫೆಬ್ರವರಿಯಲ್ಲಿ ದಿಢೀರನೆ ಮುಚ್ಚಿದಾಗ, ಸಾಲ ತೆಗೆದು ಪೂರ್ತಿ ಶುಲ್ಕ ಕಟ್ಟಿದ್ದ ಅನೇಕ ವಿದ್ಯಾರ್ಥಿಗಳ ಕೈಯಲ್ಲಿ ಲೈಸೆನ್ಸ್ ಇರಲಿಲ್ಲ, ಸಾಲ ಮಾತ್ರ ಇತ್ತು. ದಿವಾಳಿಯಾದ ಶಾಲೆಯಿಂದ ಹಣ ಬರಬೇಕಾದವರ ಸಾಲಿನಲ್ಲಿ ನೀವು ಸಾಮಾನ್ಯವಾಗಿ ಹಿಂದೆಯೇ ನಿಲ್ಲುತ್ತೀರಿ. ಆದ್ದರಿಂದ ಹಾರಿದಷ್ಟಕ್ಕೆ ಕಟ್ಟಿ, ಇಲ್ಲವೇ ಹೆಚ್ಚೆಂದರೆ ಹತ್ತು ಗಂಟೆಯ ಕಂತು ಕಟ್ಟಿ, ಮತ್ತು ಬಾಕಿ ಹಣ ಹಿಂದಿರುಗಿಸುವ ಷರತ್ತನ್ನು ಬರಹದಲ್ಲಿ ಪಡೆಯಿರಿ. ಬೋಧಕರ ಸಹಿಯಿರುವ ತರಬೇತಿ ದಾಖಲೆಯ ನಕಲನ್ನು ಪ್ರತಿ ವಾರ ತೆಗೆದಿಟ್ಟುಕೊಳ್ಳಿ. ನಾಳೆ ಬೇರೆ ಶಾಲೆಗೆ ಹೋಗಬೇಕಾಗಿ ಬಂದರೆ, ಈಗಾಗಲೇ ಕಲಿತದ್ದನ್ನು ಅವರು ಒಪ್ಪುವುದು ಆ ದಾಖಲೆಯನ್ನು ನೋಡಿಯೇ.