ಜಾರ್ಜ್ ವಿತ್: ವರ್ಜೀನಿಯಾದ ನ್ಯಾಯಾಧೀಶರ ಮನೆ ಮತ್ತು ಕಾನೂನು

ಅಮೆರಿಕದ ಆರಂಭಕಾಲದ ಇತಿಹಾಸವನ್ನು ಓದುವವರಿಗೆ ಜಾರ್ಜ್ ವಿತ್ ಅವರ ಹೆಸರು ಸಾಮಾನ್ಯವಾಗಿ ಎರಡು ಕಡೆ ಎದುರಾಗುತ್ತದೆ: 1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರ ಪಟ್ಟಿಯಲ್ಲಿ ಮತ್ತು ಥಾಮಸ್ ಜೆಫರ್ಸನ್ ಅವರ ಕಾನೂನು ಗುರು ಎಂಬ ಉಲ್ಲೇಖದಲ್ಲಿ. ಆದರೆ ಅವರ ಸಾರ್ವಜನಿಕ ಬದುಕಿನ ಬಹುಭಾಗ ಕಳೆದದ್ದು ವರ್ಜೀನಿಯಾದ ಶಾಸನಸಭೆಯಲ್ಲಿ ಮತ್ತು ನ್ಯಾಯಪೀಠದಲ್ಲಿ. ಅವರ ಮನೆಯ ಕಥೆಯನ್ನು ನ್ಯಾಯಪೀಠದ ಕಥೆಯಿಂದ ಬೇರ್ಪಡಿಸಿ ಓದಿದರೆ ಎರಡೂ ಅರ್ಧಕ್ಕೇ ನಿಲ್ಲುತ್ತವೆ ಎಂಬುದು ನನ್ನ ಅಭಿಪ್ರಾಯ. ಅವರ ಸಾವಿನ ಮೊಕದ್ದಮೆಯಲ್ಲಿ ಮುಖ್ಯ ಸಾಕ್ಷಿಯ ಬಾಯಿ ಕಟ್ಟಿದ ನಿಯಮವು ಅವರೇ ಸದಸ್ಯರಾಗಿದ್ದ ಸಮಿತಿಯ ಕರಡಿನಲ್ಲಿಯೂ ಇತ್ತು.

ವಿತ್ 1726ರಲ್ಲಿ ವರ್ಜೀನಿಯಾದ ಎಲಿಜಬೆತ್ ಸಿಟಿ ಕೌಂಟಿಯ ಚೆಸ್ಟರ್‌ವಿಲ್ ಎಂಬ ತೋಟದ ಮನೆಯಲ್ಲಿ ಹುಟ್ಟಿದರು. ಮಗು ಚಿಕ್ಕದಿರುವಾಗಲೇ ತಂದೆ ತೀರಿಕೊಂಡರು. ತಾಯಿ ಮಾರ್ಗರೆಟ್ ವಾಕರ್ ಅವರು ಕ್ವೇಕರ್ ಪಂಥದ ಪ್ರಸಿದ್ಧ ವಾಗ್ಮಿ ಜಾರ್ಜ್ ಕೀತ್ ಅವರ ಮೊಮ್ಮಗಳು. ಮಗನಿಗೆ ಮೊದಲ ಪಾಠ ಹೇಳಿಕೊಟ್ಟವರು ಅವರೇ ಎಂಬ ಮಾತು ಪರಂಪರೆಯಿಂದ ಬಂದಿದೆ. ಕುಟುಂಬದ ಆಸ್ತಿ ಹಿರಿಯ ಅಣ್ಣನಿಗೆ ಸೇರಿದ್ದರಿಂದ ಕಿರಿಯ ಮಗನಿಗೆ ವೃತ್ತಿಯೊಂದು ಬೇಕಾಗಿತ್ತು. ಬಂಧುವಾದ ಸ್ಟೀಫನ್ ಡ್ಯೂಯಿ ಅವರ ಬಳಿ ಕಾನೂನು ಕಲಿತು, 1746ರಲ್ಲಿ ವಕೀಲಿ ಆರಂಭಿಸಿದರು. ಮರುವರ್ಷ ಆನ್ ಲೂಯಿಸ್ ಅವರನ್ನು ವರಿಸಿದರು. ವರ್ಷ ತುಂಬುವ ಮೊದಲೇ, 1748ರಲ್ಲಿ, ಆಕೆ ತೀರಿಕೊಂಡರು. 1755ರಲ್ಲಿ ಅಣ್ಣ ಗತಿಸಿದಾಗ ಚೆಸ್ಟರ್‌ವಿಲ್ ಇವರ ಪಾಲಿಗೆ ಬಂತು. ಸುಮಾರು ಅದೇ ಹೊತ್ತಿಗೆ ಎಲಿಜಬೆತ್ ಟಾಲಿವರ್ ಅವರೊಂದಿಗೆ ಎರಡನೆಯ ಮದುವೆಯಾಯಿತು. ಮಾವ ರಿಚರ್ಡ್ ಟಾಲಿವರ್ ವಿಲಿಯಮ್ಸ್‌ಬರ್ಗ್‌ನಲ್ಲಿದ್ದ ತಮ್ಮ ಇಟ್ಟಿಗೆಯ ಮನೆಯನ್ನು ದಂಪತಿಗೆ ಜೀವಮಾನದ ಬಳಕೆಗೆ ಬಿಟ್ಟುಕೊಟ್ಟರು. 1781ರಲ್ಲಿ ಯಾರ್ಕ್‌ಟೌನ್ ಮುತ್ತಿಗೆಗೆ ಮುನ್ನ ಜಾರ್ಜ್ ವಾಷಿಂಗ್ಟನ್ ತಂಗಿದ್ದದ್ದು ಇದೇ ಮನೆಯಲ್ಲಿ. ದಂಪತಿಗೆ ಹುಟ್ಟಿದ ಒಂದೇ ಮಗು ಶೈಶವದಲ್ಲಿಯೇ ತೀರಿಕೊಂಡಿತು.

ಮಕ್ಕಳಿಲ್ಲದ ಆ ಮನೆಯನ್ನು ಶಿಷ್ಯರು ತುಂಬಿದರು. ಜೆಫರ್ಸನ್ 1762ರಿಂದ ಸುಮಾರು ಐದು ವರ್ಷ ಇವರ ಬಳಿ ಓದಿದರು. 1779ರಲ್ಲಿ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಅಮೆರಿಕದ ಮೊದಲ ಕಾನೂನು ಪ್ರಾಧ್ಯಾಪಕ ಪೀಠವು ಸ್ಥಾಪನೆಯಾದಾಗ ಅದು ವಿತ್ ಅವರಿಗೇ ಸಂದಿತು. ಮುಂದೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದ ಜಾನ್ ಮಾರ್ಷಲ್ ಮರುವರ್ಷ ಅವರ ಉಪನ್ಯಾಸಗಳನ್ನು ಕೇಳಿದರು. ಅಣಕು ನ್ಯಾಯಾಲಯ, ಅಣಕು ಶಾಸನಸಭೆಗಳನ್ನು ನಡೆಸಿ ಕಲಿಸುವುದು ಅವರ ಕ್ರಮವಾಗಿತ್ತು.

ರಾಜಕೀಯದ ವಿವರಗಳನ್ನು ಸಂಕ್ಷೇಪವಾಗಿ ನೋಡಿದರೆ ಸಾಕು. 1777–78ರಲ್ಲಿ ಅವರು ವರ್ಜೀನಿಯಾದ ಪ್ರತಿನಿಧಿ ಸಭೆಯ ಸ್ಪೀಕರ್ ಆಗಿದ್ದರು. 1787ರಲ್ಲಿ ಫಿಲಡೆಲ್ಫಿಯಾದ ಸಂವಿಧಾನ ಸಮಾವೇಶಕ್ಕೆ ಹೋದರೂ ಪತ್ನಿಯ ಕಾಯಿಲೆಯ ಕಾರಣ ಬೇಗನೆ ಮರಳಿದರು. ಆ ಆಗಸ್ಟ್‌ನಲ್ಲಿ ಎಲಿಜಬೆತ್ ನಿಧನರಾದರು. ಆದ್ದರಿಂದಲೇ ಸಂವಿಧಾನದ ಮೇಲೆ ಅವರ ಸಹಿ ಇಲ್ಲ. ಆದರೂ 1788ರ ವರ್ಜೀನಿಯಾ ಸಮಾವೇಶದಲ್ಲಿ ಅವರು ಅನುಮೋದನೆಯ ಪರವಾಗಿ ನಿಂತರು.

ನ್ಯಾಯಾಧೀಶರಾಗಿ ಅವರು ಮಾಡಿದ ಕೆಲಸವನ್ನು ಮಾತ್ರ ನಿಧಾನವಾಗಿ ನೋಡಬೇಕು. 1778ರಲ್ಲಿ ಅವರು ರಾಜ್ಯದ ಉಚ್ಚ ಚಾನ್ಸೆರಿ ನ್ಯಾಯಾಲಯಕ್ಕೆ ಆಯ್ಕೆಯಾದರು; 1788ರ ಬಳಿಕ ಅದರ ಏಕೈಕ ನ್ಯಾಯಾಧೀಶರಾದರು. ಸಾಮಾನ್ಯ ಕಾನೂನಿನ ನ್ಯಾಯಾಲಯಗಳು ಹೆಚ್ಚಾಗಿ ಹಣದ ಪರಿಹಾರವನ್ನಷ್ಟೇ ಕೊಡಬಲ್ಲವಾಗಿದ್ದ ಕಾಲದಲ್ಲಿ, ಉಯಿಲು, ವಿಶ್ವಸ್ತ ಆಸ್ತಿ, ಒಪ್ಪಂದದ ನಿಜವಾದ ಪಾಲನೆ ಮುಂತಾದ ವಿಷಯಗಳಲ್ಲಿ ನ್ಯಾಯಬುದ್ಧಿಯನ್ನು ಅನುಸರಿಸಿ ಪರಿಹಾರ ಕೊಡುವುದು ಚಾನ್ಸೆರಿಯ ಕೆಲಸವಾಗಿತ್ತು. 1782ರ ಕೇಟನ್ ಪ್ರಕರಣದಲ್ಲಿ, ಶಾಸಕಾಂಗವು ಸಂವಿಧಾನ ಹಾಕಿದ ಎಲ್ಲೆಯನ್ನು ಮೀರಿದರೆ ಆ ಎಲ್ಲೆಯನ್ನು ಬೆರಳಿಟ್ಟು ತೋರಿಸುವುದು ನ್ಯಾಯಾಧೀಶನ ಕರ್ತವ್ಯ ಎಂಬ ನಿಲುವನ್ನು ಅವರು ವ್ಯಕ್ತಪಡಿಸಿದರು. ಸಂವಿಧಾನಕ್ಕೆ ವಿರುದ್ಧವಾದ ಕಾನೂನನ್ನು ನ್ಯಾಯಾಲಯ ತಳ್ಳಿಹಾಕಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟ್ ಸಾರಿದ 1803ರ ಮಾರ್ಬರಿ ತೀರ್ಪಿಗೆ ಇಪ್ಪತ್ತೊಂದು ವರ್ಷ ಮೊದಲು ಆಡಿದ ಮಾತು ಇದು ಎಂಬುದನ್ನು ನ್ಯಾಯಿಕ ವಿಮರ್ಶೆಯನ್ನು ಓದುವವರು ಗುರುತು ಹಾಕಿಕೊಳ್ಳಬೇಕು.

ಗುಲಾಮಗಿರಿಯ ವಿಷಯದಲ್ಲಿ ವಿತ್ ಅವರ ನಡೆ ಏಕರೂಪವಾಗಿರಲಿಲ್ಲ. ಬದುಕಿನ ಬಹುಪಾಲು ಅವರೂ ಗುಲಾಮರ ಒಡೆಯರಾಗಿದ್ದರು. ಪತ್ನಿ ತೀರಿಕೊಂಡ 1787ರಲ್ಲಿ ಅಡುಗೆಯಾಕೆ ಲಿಡಿಯಾ ಬ್ರಾಡ್‌ನ್ಯಾಕ್ಸ್ ಅವರನ್ನು ಬಿಡುಗಡೆ ಮಾಡಿದರು. ವಿತ್ ರಿಚ್ಮಂಡ್‌ಗೆ ಮನೆ ಬದಲಿಸಿದಾಗ ಲಿಡಿಯಾ ಸ್ವತಂತ್ರ ಮಹಿಳೆಯಾಗಿ ಅಲ್ಲಿ ಅವರ ಮನೆಯ ಕೆಲಸವನ್ನು ನಡೆಸಿದರು. ಮೂಲನಿವಾಸಿ ಮೂಲದ ತಾಯಿಯ ಸಂತತಿಯವರೆಂದು ಬಿಡುಗಡೆ ಕೇಳಿದ ರೈಟ್ ಕುಟುಂಬದ ಮೊಕದ್ದಮೆಯಲ್ಲಿ ವಿತ್ ಇನ್ನೂ ಮುಂದೆ ಹೋದರು: ವರ್ಜೀನಿಯಾದ ಹಕ್ಕುಗಳ ಘೋಷಣೆಯ ಪ್ರಕಾರ ಸ್ವಾತಂತ್ರ್ಯವು ಮನುಷ್ಯನ ಜನ್ಮಸಿದ್ಧ ಹಕ್ಕು, ಆದ್ದರಿಂದ ಒಬ್ಬನನ್ನು ಗುಲಾಮನೆಂದು ಹೇಳುವವನ ಮೇಲೆಯೇ ರುಜುವಾತಿನ ಹೊರೆ ಇರಬೇಕು ಎಂದರು. 1806ರಲ್ಲಿ ಮೇಲ್ಮನವಿ ನ್ಯಾಯಾಲಯವು ರೈಟ್ ಕುಟುಂಬದ ಬಿಡುಗಡೆಯನ್ನು ಎತ್ತಿಹಿಡಿಯಿತು, ಆದರೆ ಆ ತತ್ತ್ವವನ್ನು ಆಫ್ರಿಕನ್ ಮೂಲದವರಿಗೆ ಅನ್ವಯಿಸಲು ಒಪ್ಪಲಿಲ್ಲ. ಒಪ್ಪದ ನ್ಯಾಯಾಧೀಶರಲ್ಲಿ ಸೇಂಟ್ ಜಾರ್ಜ್ ಟಕರ್ ಮತ್ತು ಸ್ಪೆನ್ಸರ್ ರೋನ್ ಇದ್ದರು. ಇಬ್ಬರೂ ವಿತ್ ಅವರ ಶಿಷ್ಯರೇ. ಗುರುವಿನ ಅತ್ಯುತ್ತಮ ವಾದವನ್ನು ಶಿಷ್ಯರೇ ಕೈಬಿಟ್ಟದ್ದನ್ನು ಓದುವಾಗ ನನಗೆ ಪ್ರತಿ ಸಲವೂ ದುಃಖವಾಗುತ್ತದೆ.

ಆ ಹೊತ್ತಿಗೆ ವಿತ್ ಬದುಕಿರಲಿಲ್ಲ. ರಿಚ್ಮಂಡ್‌ನ ಮನೆಯಲ್ಲಿ ಅವರೊಂದಿಗೆ ಲಿಡಿಯಾ, ಮೈಕೆಲ್ ಬ್ರೌನ್ ಎಂಬ ಸ್ವತಂತ್ರನಾದ ಮಿಶ್ರ ಜನಾಂಗದ ಹುಡುಗ ಮತ್ತು ತಂಗಿಯ ಮೊಮ್ಮಗ ಜಾರ್ಜ್ ವಿತ್ ಸ್ವೀನಿ ವಾಸವಾಗಿದ್ದರು. ಮೈಕೆಲ್‌ಗೆ ವಿತ್ ತಾವೇ ಪಾಠ ಹೇಳುತ್ತಿದ್ದರು. ಲಿಡಿಯಾ ಮತ್ತು ಮೈಕೆಲ್ ಇಬ್ಬರಿಗೂ ಉಯಿಲಿನಲ್ಲಿ ಪಾಲಿಟ್ಟು, ಹುಡುಗನ ವಿದ್ಯಾಭ್ಯಾಸವನ್ನು ನೋಡಿಕೊಳ್ಳುವಂತೆ ಜೆಫರ್ಸನ್ ಅವರನ್ನು ಕೋರಿದ್ದರು. ಆಸ್ತಿಯ ದೊಡ್ಡ ಪಾಲು ಸ್ವೀನಿಗೆ ಸೇರಬೇಕಾಗಿತ್ತು. 1806ರ ಮೇ 25ರ ಬೆಳಿಗ್ಗೆ ಸ್ವೀನಿಯನ್ನು ಬಿಟ್ಟು ಉಳಿದ ಮೂವರೂ ತೀವ್ರವಾಗಿ ಅಸ್ವಸ್ಥರಾದರು. ಕಾಫಿಯಲ್ಲಿ ಆರ್ಸೆನಿಕ್ ಬೆರೆತಿತ್ತೆಂದು ಸಂಶಯ ಹುಟ್ಟಿತು. ಇದೇ ದಿನಗಳಲ್ಲಿ ಸ್ವೀನಿ ಅಜ್ಜನ ಸಹಿಯನ್ನು ಖೋಟಾ ಮಾಡಿ ಬ್ಯಾಂಕಿನಿಂದ ಹಣ ತೆಗೆದಿದ್ದನೆಂಬ ಆರೋಪವೂ ಹೊರಬಂತು. ಜೂನ್ 1ರಂದು ಮೈಕೆಲ್ ತೀರಿಕೊಂಡ. ವಿತ್ ಹಾಸಿಗೆಯಿಂದಲೇ ಉಯಿಲನ್ನು ತಿದ್ದಿಸಿ ಸ್ವೀನಿಯ ಪಾಲನ್ನು ಅವನ ಒಡಹುಟ್ಟಿದವರಿಗೆ ಬರೆದು, ಜೂನ್ 8ರಂದು ಕೊನೆಯುಸಿರೆಳೆದರು. ಲಿಡಿಯಾ ಬದುಕುಳಿದರು.

ಕರಿಯರು ಬಿಳಿಯರ ವಿರುದ್ಧ ಸಾಕ್ಷಿ ಹೇಳಲು ವರ್ಜೀನಿಯಾದ ಕಾನೂನಿನಲ್ಲಿ ಅವಕಾಶವಿರಲಿಲ್ಲ. ಆ ಮನೆಯ ಅಡುಗೆಕೋಣೆಯನ್ನು ಬಲ್ಲ, ವಿಷದ ಪರಿಣಾಮವನ್ನು ಸ್ವತಃ ಅನುಭವಿಸಿದ ಲಿಡಿಯಾ ಅವರ ಮಾತನ್ನು ನ್ಯಾಯಾಲಯ ಕೇಳುವಂತಿರಲಿಲ್ಲ. ಶವಪರೀಕ್ಷೆಯಿಂದಲೂ ಖಚಿತ ಪುರಾವೆ ದೊರೆಯಲಿಲ್ಲ. ಎಡ್ಮಂಡ್ ರಾಂಡಾಲ್ಫ್ ಮತ್ತು ವಿಲಿಯಂ ವರ್ಟ್ ಅವರಂತಹ ಹೆಸರಾಂತ ವಕೀಲರು ವಾದಿಸಿದ ಮೊಕದ್ದಮೆಯಲ್ಲಿ ಸ್ವೀನಿ ಕೊಲೆಯ ಆರೋಪದಿಂದ ಬಿಡುಗಡೆಯಾದ; ಖೋಟಾ ಪ್ರಕರಣದಲ್ಲಿಯೂ ಕಾನೂನಿನ ಪದಗಳ ಲೋಪದಿಂದ ಪಾರಾದ.

ಸಾಕ್ಷ್ಯದ ಆ ನಿರ್ಬಂಧವು ವಸಾಹತು ಕಾಲದಿಂದ ಬಂದದ್ದು. ಸ್ವಾತಂತ್ರ್ಯಾನಂತರ ರಾಜ್ಯದ ಕಾನೂನುಗಳನ್ನೆಲ್ಲ ಪರಿಷ್ಕರಿಸಿ 1779ರಲ್ಲಿ 126 ಮಸೂದೆಗಳನ್ನು ಒಪ್ಪಿಸಿದವರು ಜೆಫರ್ಸನ್, ಎಡ್ಮಂಡ್ ಪೆಂಡಲ್ಟನ್ ಮತ್ತು ವಿತ್. ಧಾರ್ಮಿಕ ಸ್ವಾತಂತ್ರ್ಯದ ಪ್ರಸಿದ್ಧ ಮಸೂದೆ ಇದ್ದ ಅದೇ ಕಟ್ಟಿನಲ್ಲಿ ಗುಲಾಮರ ಕುರಿತ ಮಸೂದೆಯೂ ಇತ್ತು, ಅದರಲ್ಲಿ ಈ ನಿರ್ಬಂಧ ಹಾಗೆಯೇ ಉಳಿದಿತ್ತು. ಆ ಸಾಲನ್ನು ಬರೆದ ಕೈ ವಿತ್ ಅವರದೆಂದು ಹೇಳಲು ಆಧಾರವಿಲ್ಲ. ಆದರೆ ಒಪ್ಪಿಸಿದ ಮೂವರಲ್ಲಿ ಅವರೂ ಒಬ್ಬರು, ಆದ್ದರಿಂದ ಆ ಹೊಣೆಯಲ್ಲಿ ಅವರಿಗೂ ಪಾಲಿದೆ.

ಮೈಕೆಲ್ ವಿತ್ ಅವರದೇ ಮಗನೆಂಬ ಊಹೆಯನ್ನು ಕೆಲವರು ಮುಂದಿಟ್ಟಿದ್ದಾರೆ. ಅದಕ್ಕೆ ನೇರ ಪುರಾವೆಯಿಲ್ಲದ ಕಾರಣ ಅದನ್ನು ಸಂಗತಿಯಂತೆ ಬರೆಯಬಾರದು. ಲಿಡಿಯಾ ಅವರ ಮುಂದಿನ ಬದುಕಿಗೆ ಮಾತ್ರ ದಾಖಲೆಯಿದೆ: ವಿಷದಿಂದ ಕಣ್ಣಿನ ದೃಷ್ಟಿ ಕುಂದಿ ದುಡಿಯಲಾರದಂತಾಗಿದೆ ಎಂದು ಅವರು 1807ರಲ್ಲಿ, ಆಗ ಅಧ್ಯಕ್ಷರಾಗಿದ್ದ ಜೆಫರ್ಸನ್ ಅವರಿಗೆ ಪತ್ರ ಬರೆದು ನೆರವು ಕೇಳಿದರು. ಜೆಫರ್ಸನ್ 50 ಡಾಲರ್ ಕಳುಹಿಸಿದರು.