ಒಮ್ಮತದ ನಿಯಮಗಳಲ್ಲಿ ಕಾಲಕ್ಕೂ ಜಾಗ ಬೇಕಾಯಿತು

ಒಂದೇ ಮಾಹಿತಿಯ ಪ್ರತಿಗಳನ್ನು ಇಟ್ಟುಕೊಂಡ ಹಲವು ಸರ್ವರ್‌ಗಳಲ್ಲಿ ಕೆಲವು ಕೆಟ್ಟು ನಿಂತರೂ ಉಳಿದವು ಒಂದೇ ತೀರ್ಮಾನಕ್ಕೆ ಬರಬೇಕು ಎಂಬುದು ಒಮ್ಮತದ ಪ್ರೊಟೊಕಾಲ್‌ಗಳ ಗುರಿ. ಸಂದೇಶ ತಲುಪಲು ಕಾಲಮಿತಿಯೇ ಇಲ್ಲದ ಜಾಲದಲ್ಲಿ, ಒಂದೇ ಒಂದು ಯಂತ್ರ ಕೆಡುವ ಸಾಧ್ಯತೆಯಿದ್ದರೂ, ಯಾದೃಚ್ಛಿಕತೆಯನ್ನು ಬಳಸದ ಯಾವ ಪ್ರೊಟೊಕಾಲೂ ಒಮ್ಮತ ಮುಗಿದೇ ತೀರುತ್ತದೆಂಬ ಭರವಸೆ ಕೊಡಲಾರದು ಎಂದು ಫಿಶರ್, ಲಿಂಚ್ ಮತ್ತು ಪ್ಯಾಟರ್ಸನ್ 1985ರಲ್ಲಿ ಸಾಧಿಸಿ ತೋರಿಸಿದರು. ಲೆಸ್ಲಿ ಲ್ಯಾಂಪೋರ್ಟ್ ಅವರ ಪ್ಯಾಕ್ಸೋಸ್ ಎಂಬ ಒಮ್ಮತದ ಪ್ರೊಟೊಕಾಲ್ 1998ರಲ್ಲಿ ಪ್ರಕಟವಾಯಿತು. ಕಾಗದದ ಮೇಲೆ ಒಂದು ಪುಟದಲ್ಲಿ ಮುಗಿಯುವ ಈ ಪ್ರೊಟೊಕಾಲ್ ತಮ್ಮ ಕೈಯಲ್ಲಿ ಸಾವಿರಾರು ಸಾಲುಗಳ ಸಿ++ ಕೋಡ್ ಆಯಿತೆಂದು ಗೂಗಲ್ ಎಂಜಿನಿಯರುಗಳು 2007ರಲ್ಲಿ ಬರೆದರು.

ಈ ಅಂತರವನ್ನು ಕುಗ್ಗಿಸಬಹುದೆಂಬ ಆಸೆ ಅದಕ್ಕೂ ಮೊದಲೇ, ಡೇಟಾಬೇಸ್ ಓದಿದವರ ನಡುವೆ ಹುಟ್ಟಿತ್ತು. 2005ರಲ್ಲಿ ಬರ್ಕ್‌ಲಿಯ ಸಂಶೋಧಕರು ಪಿ2 ಎಂಬ ವ್ಯವಸ್ಥೆಯ ಮೇಲೆ, ತರ್ಕದ ನಿಯಮಗಳಿಂದ ಡೇಟಾಬೇಸನ್ನು ಪ್ರಶ್ನಿಸುವ ಡೇಟಾಲಾಗ್‌ನಿಂದ ಬೆಳೆದ ಓವರ್‌ಲಾಗ್ ಭಾಷೆಯಲ್ಲಿ, ಯಾವ ಮಾಹಿತಿ ಯಾವ ಯಂತ್ರದಲ್ಲಿದೆಯೆಂದು ಹುಡುಕಿಕೊಡುವ ಕಾರ್ಡ್ (Chord) ಎಂಬ ಜಾಲವನ್ನು ಕೇವಲ 47 ನಿಯಮಗಳಲ್ಲಿ ಬರೆದರು. ಇಲ್ಲಿ ಜಾಲದ ಸ್ಥಿತಿಯೆಲ್ಲ ಟೇಬಲ್‌ಗಳು, ಸಂದೇಶವೆಂದರೆ ಬೇರೆ ಯಂತ್ರದ ಟೇಬಲ್ಲಿಗೆ ಸೇರುವ ಒಂದು ಸಾಲು. ಹೇಗೆ ಮಾಡಬೇಕೆಂದು ಹೇಳದೆ, ಏನು ನಿಜವಾಗಬೇಕೆಂದಷ್ಟೇ ಬರೆದರೆ ಸಾಕು.

2009ರಲ್ಲಿ ಅದೇ ಬಳಗದಿಂದ, ಎಲ್ಲ ಯಂತ್ರಗಳೂ ಒಪ್ಪಿದರೆ ಮಾತ್ರ ಬದಲಾವಣೆಯನ್ನು ಖಾಯಂ ಮಾಡುವ ಎರಡು ಹಂತದ ಕಮಿಟ್ ಮತ್ತು ಪ್ಯಾಕ್ಸೋಸ್ ಎರಡೂ ಓವರ್‌ಲಾಗ್‌ಗೆ ಬಂದವು. ಈ ಕತೆಯ ನಿಜವಾದ ಗಂಟು ಇರುವುದು ಇಲ್ಲಿಯೇ. ಪ್ರಸ್ತಾವವನ್ನು ಎಲ್ಲರಿಗೂ ಕಳಿಸಲು ಅದನ್ನು ಸದಸ್ಯರ ಟೇಬಲ್ಲಿನೊಂದಿಗೆ ಜೋಡಿಸುವ ಒಂದೇ ನಿಯಮ ಸಾಕು. ಐದು ಯಂತ್ರಗಳಿದ್ದರೆ, ಬಂದ ಮತಗಳ ಸಾಲುಗಳನ್ನು ಎಣಿಸಿ ಮೂರಾದಾಗ ಗೆದ್ದಿತೆನ್ನಲು ಇನ್ನೊಂದು ನಿಯಮ. ಓದುವವರಿಗೆ ಅದು ಪ್ರೊಟೊಕಾಲ್‌ನ ವಿವರಣೆಯಂತೆಯೇ ಕಾಣುತ್ತದೆ, ಮತ್ತು ಅದರ ಸೊಗಸನ್ನು ಒಪ್ಪಲೇಬೇಕು.

ಆದರೆ ಪ್ಯಾಕ್ಸೋಸ್‌ನಲ್ಲಿ ಯಂತ್ರವೊಂದು, ಇದಕ್ಕಿಂತ ಹಿಂದಿನ ಸುತ್ತಿನ ಪ್ರಸ್ತಾವವನ್ನು ಒಪ್ಪುವುದಿಲ್ಲವೆಂದು ತಾನು ಕೊಟ್ಟ ಮಾತನ್ನು ನೆನಪಿಟ್ಟುಕೊಳ್ಳಬೇಕು. 7ನೆಯ ಸುತ್ತಿಗೆ ಮಾತು ಕೊಟ್ಟ ಮೇಲೆ 5ನೆಯ ಸುತ್ತಿನ ಪ್ರಸ್ತಾವ ತಡವಾಗಿ ಬಂದರೆ ಅದನ್ನು ತಳ್ಳಿಹಾಕಬೇಕು. ಟೇಬಲ್ಲಿನಲ್ಲಿ ಹಳೆಯ ಅಂಕಿಯನ್ನು ಅಳಿಸಿ 7 ಎಂದು ಬರೆಯುವಾಗ, ಅದೇ ಟೇಬಲ್ಲನ್ನು ಓದುತ್ತಿರುವ ಇನ್ನೊಂದು ನಿಯಮಕ್ಕೆ ಕಾಣುವುದು ಹಳೆಯ ಅಂಕಿಯೋ ಹೊಸದೋ? ಡೇಟಾಲಾಗ್‌ನಲ್ಲಿ ಒಮ್ಮೆ ನಿಜವಾದದ್ದು ಮುಂದೆಯೂ ನಿಜ, ಅಲ್ಲಿ ಅಳಿಸುವ ಮಾತೇ ಇಲ್ಲ. ಓವರ್‌ಲಾಗ್ ಅಳಿಸುವುದನ್ನು ಸೇರಿಸಿಕೊಂಡಿತಾದರೂ, ಬದಲಾವಣೆ ಯಾವ ಕ್ಷಣದಿಂದ ಜಾರಿಗೆ ಬರುತ್ತದೆಂಬುದನ್ನು ನಿಯಮದ ಬರಹದಲ್ಲಿ ತೋರಿಸಲಿಲ್ಲ. ಉತ್ತರ ನಿಯಮಗಳನ್ನು ನಡೆಸುವ ಎಂಜಿನ್‌ನ ಒಳಗೆ ಅಡಗಿತ್ತು, ಒಮ್ಮತದಂಥ ವಿಷಯದಲ್ಲಿ ಅಡಗಿರಬಾರದ ಜಾಗವೇ ಅದು.

ಡೆಡಾಲಸ್ ಎಂಬ ಮುಂದಿನ ಭಾಷೆ ಕಾಲವನ್ನೇ ಪ್ರತಿ ಸಾಲಿನ ಒಂದು ಅಂಕಣವಾಗಿಸಿತು. ಈ ಗಳಿಗೆಯಲ್ಲೇ ನಿಜವಾಗುವುದು, ಮುಂದಿನ ಗಳಿಗೆಯಲ್ಲಿ ನಿಜವಾಗುವುದು, ಜಾಲದಾಚೆ ಯಾವಾಗಲೋ ತಲುಪುವುದು ಎಂದು ಮೂರು ಬಗೆಯ ನಿಯಮಗಳಾದವು. ಕೊಟ್ಟ ಮಾತು ಉಳಿಯಬೇಕಾದರೆ ಅದನ್ನು ಮುಂದಿನ ಗಳಿಗೆಗೆ ಹೊತ್ತೊಯ್ಯುವ ನಿಯಮವನ್ನು ಬರೆಯಲೇಬೇಕಾಯಿತು. ನಿಯಮಗಳ ಸಂಖ್ಯೆ ಹೆಚ್ಚಿತಾದರೂ ಅದು ಸರಿಯಾದ ಬೆಲೆಯೆಂದೇ ಹೇಳಬೇಕು.

2010ರಲ್ಲಿ ಅದೇ ಬಳಗದ ಜೋಸೆಫ್ ಹೆಲರ್‌ಸ್ಟೈನ್ ಮುಂದಿಟ್ಟ ಕಾಮ್ (CALM) ಎಂಬ ಊಹೆ ಇದಕ್ಕೆ ಹೊಸ ಅರ್ಥ ಕೊಟ್ಟಿತು. ಹೊಸ ಸಾಲು ಬಂದರೂ ಹಳೆಯ ತೀರ್ಮಾನ ಕೆಡದಂಥ ಪ್ರೋಗ್ರಾಮ್‌ಗೆ ಯಂತ್ರಗಳು ಒಂದಕ್ಕೊಂದು ಕಾಯಬೇಕಿಲ್ಲ ಎಂಬುದು ಅದರ ಸಾರ. ಹಾಗೆ ನೋಡಿದರೆ ಮೂರು ಮತ ಬಂದವೆಂಬ ಮಾತು ನಾಲ್ಕನೆಯ ಮತದಿಂದ ಸುಳ್ಳಾಗುವುದಿಲ್ಲ. ಈವರೆಗೆ ಕಂಡದ್ದರಲ್ಲಿ 7 ಅತಿ ದೊಡ್ಡದೆಂಬ ಮಾತು ಮಾತ್ರ 8 ಬಂದ ಕೂಡಲೇ ಸುಳ್ಳಾಗುತ್ತದೆ. ಪ್ಯಾಕ್ಸೋಸ್‌ನ ಕಷ್ಟವೆಲ್ಲ ಈ ಎರಡನೆಯ ಬಗೆಯ ಕೆಲವೇ ನಿಯಮಗಳಲ್ಲಿ ನೆಲೆಸಿದೆ, ಮತ್ತು ಸಾವಿರಾರು ಸಾಲುಗಳ ಕೋಡ್‌ನಲ್ಲಿ ಅವು ಎಲ್ಲಿವೆಯೆಂದು ಬೆರಳಿಟ್ಟು ತೋರಿಸುವುದು ಸುಲಭವಲ್ಲ.