ಫೈಟರ್ ಮೀನಿಗೆ ಹುಷಾರಿಲ್ಲದಾಗ: ಔಷಧಿಗಿಂತ ಮೊದಲು ನೋಡಬೇಕಾದ್ದು

ನನ್ನ ಮೊದಲ ಫೈಟರ್ ಮೀನಿನ ಬಾಯಿಯ ಹತ್ತಿರ ಬೆಳ್ಳಗೆ ಏನೋ ಕಂಡಿತ್ತು. ಬಿಳಿ ಚುಕ್ಕೆ ರೋಗ ಅಂದುಕೊಂಡು ಹೀಟರನ್ನು 30 ಡಿಗ್ರಿಗೆ ಏರಿಸಿದೆ. ಎರಡೇ ದಿನಕ್ಕೆ ಮೀನು ಹೋಯಿತು. ಬಾಯಿಗೆ ಹತ್ತಿ ಮೆತ್ತಿದ ಹಾಗೆ ಕಾಣುವುದು ಹೆಚ್ಚಾಗಿ ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ಸೋಂಕು, ಬೆಚ್ಚಗಾದಷ್ಟೂ ಅದು ಬೇಗ ಹಬ್ಬುತ್ತದೆ ಅನ್ನುವುದನ್ನು ಆಮೇಲೆ ಓದಿದೆ. ಒಂದು ರೋಗಕ್ಕೆ ಮದ್ದಾಗುವ ಬಿಸಿ ಇನ್ನೊಂದಕ್ಕೆ ಗೊಬ್ಬರ. ಹಾಗಾಗಿ ಈ ಟಿಪ್ಪಣಿಯಲ್ಲಿ ಔಷಧಿಗಿಂತ ನೋಡುವುದರ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ಮೊದಲು ಹುಷಾರಾಗಿರುವ ಮೀನನ್ನು ನೋಡಿಕೊಳ್ಳಿ

ಫೈಟರ್ ಮೀನು, ಅಂದರೆ ಬೆಟ್ಟಾ, ಥಾಯ್ಲೆಂಡ್ ಕಡೆಯ ಗದ್ದೆ, ಹೊಂಡಗಳ ಬೆಚ್ಚಗಿನ ನೀರಿನ ಮೀನು. ಕಿವಿರಿನ ಜೊತೆಗೆ ತಲೆಯಲ್ಲಿ ಇನ್ನೊಂದು ಉಸಿರಾಟದ ಅಂಗವಿದೆ, ಅದಕ್ಕೇ ಆಗಾಗ ಮೇಲೆ ಬಂದು ಗಾಳಿ ಗುಟುಕರಿಸುತ್ತದೆ. ಇದು ಕಾಯಿಲೆಯಲ್ಲ. ಕೆಳಗೆ ಇಳಿಯದೆ ಮೇಲೆಯೇ ನಿಂತು ಬಾಯಿ ಬಡಿಯುತ್ತಿದ್ದರೆ, ಕಿವಿರು ಕೆಂಪಗಾಗಿದ್ದರೆ ಮಾತ್ರ ಗಾಬರಿಯಾಗಬೇಕು. ಹೆಣ್ಣು ಮೀನಿನ ಹೊಟ್ಟೆಯ ಕೆಳಗಿರುವ ಒಂದೇ ಒಂದು ಬಿಳಿ ಚುಕ್ಕೆಯೂ ರೋಗವಲ್ಲ, ಅದು ಮೊಟ್ಟೆ ಬರುವ ದಾರಿ. ಎಲೆಯ ಮೇಲೆ ಒರಗಿ ಮಲಗುವುದೂ ಇದರ ಸ್ವಭಾವವೇ.

ಊಟದ ಹೊತ್ತಿಗೆ ಎದುರು ಓಡಿ ಬರುತ್ತಿದ್ದ ಮೀನು ಬಾರದೆ ಇದ್ದರೆ, ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು ಮೂಲೆಯಲ್ಲಿ ನಿಂತರೆ, ಬಣ್ಣ ಮಾಸಿದರೆ, ಏನೋ ಆಗಿದೆ ಅಂತ ಅರ್ಥ. ಏನು ಅನ್ನುವುದು ಇಷ್ಟರಿಂದಲೇ ಗೊತ್ತಾಗುವುದಿಲ್ಲ.

ಆಮೇಲೆ ನೀರು

ಮೀನಿನ ಉಚ್ಚೆ, ಹಿಕ್ಕೆ, ಮಿಕ್ಕ ಊಟ ಎಲ್ಲದರಿಂದಲೂ ಅಮೋನಿಯಾ ಬರುತ್ತದೆ. ಫಿಲ್ಟರಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಹೊಸ ಟ್ಯಾಂಕಿನಲ್ಲಿ ಇವು ನೆಲೆಸಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಫಿಲ್ಟರೇ ಇಲ್ಲದ ಪುಟ್ಟ ಗಾಜಿನ ಬಟ್ಟಲಿನಲ್ಲಿ ಇವು ನೆಲೆಸಲು ಜಾಗ ಕಡಿಮೆ, ಅಮೋನಿಯಾ ಏರುವುದು ಬೇಗ. ಅಂಗಡಿಯಲ್ಲಿ ಈ ಮಾತು ನನಗೆ ಯಾರೂ ಹೇಳಲಿಲ್ಲ, ಅದು ಇವತ್ತಿಗೂ ಬೇಜಾರು.

ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ 0 ಇರಬೇಕು. ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಜಾಸ್ತಿ ಇರುವ ನೀರಿನಲ್ಲಿ ಅಷ್ಟೇ ಅಮೋನಿಯಾ ಇನ್ನೂ ಹೆಚ್ಚು ವಿಷವಾಗುತ್ತದೆ, ಬೋರ್‌ವೆಲ್ ನೀರು ಬಳಸುವವರು ಇದನ್ನು ನೆನಪಿಡಿ. ಅಮೋನಿಯಾ ಕಂಡರೆ ಮೂರನೇ ಒಂದು ಭಾಗದಿಂದ ಅರ್ಧದಷ್ಟು ನೀರು ಬದಲಿಸಿ. ಹೊಸ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿರಬೇಕು, ಹಳೆ ನೀರಿನಷ್ಟೇ ಬೆಚ್ಚಗಿರಬೇಕು. ಫಿಲ್ಟರಿನ ಸ್ಪಂಜನ್ನು ನಲ್ಲಿ ನೀರಿನಲ್ಲಿ ತಿಕ್ಕಿ ತೊಳೆಯಬೇಡಿ, ಸಾಕಿಕೊಂಡ ಬ್ಯಾಕ್ಟೀರಿಯಾ ಸಾಯುತ್ತವೆ.

ನೀರಿನ ಬಿಸಿ 25ರಿಂದ 28 ಡಿಗ್ರಿ ಇರಲಿ. ಬೆಂಗಳೂರಿನ ಡಿಸೆಂಬರ್ ರಾತ್ರಿಗಳಲ್ಲಿ ಹೀಟರ್ ಇಲ್ಲದ ಬಟ್ಟಲು ಇದಕ್ಕಿಂತ ಎಷ್ಟೋ ಕೆಳಗೆ ಇಳಿಯುತ್ತದೆ. ತಣ್ಣಗಾದ ಮೀನು ಮಂಕಾಗುತ್ತದೆ, ರೋಗಕ್ಕೆ ಬೇಗ ಸಿಗುತ್ತದೆ.

ಬಿಳಿ ಚುಕ್ಕೆಯೋ, ಚಿನ್ನದ ಪುಡಿಯೋ?

ಇಲ್ಲಿ ಒಂದು ಟಾರ್ಚ್ ಬೇಕು. ರಾತ್ರಿ ಕೋಣೆಯ ದೀಪ ಆರಿಸಿ, ಗಾಜಿನ ಪಕ್ಕದಿಂದ ಓರೆಯಾಗಿ ಬೆಳಕು ಬಿಡಿ. ಬಿಳಿ ಚುಕ್ಕೆ ರೋಗವಾದರೆ ಮೈಮೇಲೆ ರವೆ ಉದುರಿದ ಹಾಗೆ ಕಾಣುತ್ತದೆ, ಒಂದೊಂದು ಕಾಳನ್ನೂ ಎಣಿಸಬಹುದು. ವೆಲ್ವೆಟ್ ರೋಗವಾದರೆ ಎಣಿಸಲು ಆಗುವುದಿಲ್ಲ. ನುಣುಪು ಅರಿಶಿನ ಪುಡಿ ಚಿಮುಕಿಸಿದ ಹಾಗೆ, ಮೀನು ತಿರುಗಿದಾಗ ಮಾತ್ರ ತಲೆಯ ಹಿಂದೆ ಮಿಣುಗುತ್ತದೆ. ಹಗಲಿನಲ್ಲಿ ನೋಡಿದರೆ ತಪ್ಪಿಹೋಗುವುದೇ ಹೆಚ್ಚು. ಎರಡರಲ್ಲೂ ಮೀನು ಗಿಡಕ್ಕೆ, ಕಲ್ಲಿಗೆ ಮೈ ಉಜ್ಜುತ್ತದೆ.

ಬಿಳಿ ಚುಕ್ಕೆಯ ಪರಾವಲಂಬಿ ಮೈಮೇಲೆ ಇರುವಾಗ ಔಷಧಿ ಅದಕ್ಕೆ ತಾಕುವುದಿಲ್ಲ. ಬಲಿತು ಕಳಚಿ ಬಿದ್ದು, ತಳದಲ್ಲಿ ಒಡೆದು ನೂರಾರು ಮರಿಗಳಾಗಿ ಈಜುವಾಗ ಮಾತ್ರ ಸಾಯುತ್ತದೆ. 25 ಡಿಗ್ರಿ ಆಸುಪಾಸಿನಲ್ಲಿ ಈ ಸುತ್ತಿಗೆ ಸುಮಾರು ಒಂದು ವಾರ ಬೇಕು, ಬಿಸಿ ಏರಿಸಿದರೆ ಇನ್ನೂ ಬೇಗ. ಚುಕ್ಕೆ ಉದುರಿತು ಅಂತ ಮೂರನೇ ದಿನಕ್ಕೆ ಔಷಧಿ ನಿಲ್ಲಿಸಿದರೆ ಮತ್ತೆ ಬರುವುದು ಇದಕ್ಕೇ. ವೆಲ್ವೆಟ್ ಜೀವಿ ಬೆಳಕಿನಿಂದಲೂ ಆಹಾರ ಮಾಡಿಕೊಳ್ಳುತ್ತದೆ, ಆದ್ದರಿಂದ ಔಷಧಿಯ ಜೊತೆಗೆ ಟ್ಯಾಂಕನ್ನು ಬಟ್ಟೆಯಿಂದ ಮುಚ್ಚಿ ಕತ್ತಲೆ ಮಾಡಬೇಕು.

ಔಷಧಿ ಹಾಕುವಾಗ ಮೀನನ್ನು ಬೇರೆ ಡಬ್ಬಿಗೆ ಹಾಕಿಕೊಳ್ಳುವುದು ರೂಢಿ, ಏಕೆಂದರೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ಮೀನಿನ ಔಷಧಿ ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಆದರೆ ಈ ಎರಡು ರೋಗಗಳ ಮರಿಗಳು ಟ್ಯಾಂಕಿನಲ್ಲೂ ಉಳಿದಿರುತ್ತವೆ ಅನ್ನುವುದನ್ನು ಮರೆಯಬೇಡಿ. ಬೇರೆ ಮೀನುಗಳಿದ್ದರೆ ಅವಕ್ಕೂ ಚಿಕಿತ್ಸೆ ಬೇಕು. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ತೆಗೆಯಿರಿ, ಔಷಧಿಯನ್ನು ಅದೇ ಹೀರಿಕೊಳ್ಳುತ್ತದೆ.

ಉಳಿದವು

ರೆಕ್ಕೆಯ ಅಂಚು ಕಪ್ಪಾಗಿಯೋ ಕೆಂಪಾಗಿಯೋ ಕೊಳೆಯುತ್ತಿದ್ದರೆ ಮೊದಲ ಮದ್ದು ಶುದ್ಧ ನೀರೇ. ಜೊತೆಗೆ ಬೇರೇನೂ ಬೆರೆಸದ ಉಪ್ಪು, 4 ಲೀಟರಿಗೆ ಒಂದು ಟೀ ಚಮಚ, ಬೇರೆ ಲೋಟದಲ್ಲಿ ಕರಗಿಸಿ ಹಾಕಬಹುದು. 10 ದಿನಕ್ಕಿಂತ ಜಾಸ್ತಿ ಬೇಡ. ಉಪ್ಪು ಆವಿಯಾಗುವುದಿಲ್ಲ. ಆರಿದ ನೀರಿಗೆ ಬರೀ ನೀರು ತುಂಬಿ, ತೆಗೆದು ಚೆಲ್ಲಿದ ನೀರಿಗೆ ಮಾತ್ರ ಲೆಕ್ಕ ಹಾಕಿ ಉಪ್ಪು ಸೇರಿಸಿ.

ಹೊಟ್ಟೆ ಉಬ್ಬಿ ಓರೆಯಾಗಿ ತೇಲುತ್ತಿದ್ದರೆ ಎರಡು ದಿನ ಉಪವಾಸ ಕೆಡವಿ, ಎಷ್ಟೋ ಸಲ ಅದು ಅಜೀರ್ಣವೇ. ಆದರೆ ಮೇಲಿನಿಂದ ನೋಡಿದಾಗ ಹುರುಪೆಗಳು ಅನಾನಸ್ ಸಿಪ್ಪೆಯ ಹಾಗೆ ಎದ್ದು ನಿಂತಿದ್ದರೆ ಅದು ಡ್ರಾಪ್ಸಿ. ಮೂತ್ರಪಿಂಡ ಸೋತು ಮೈಯೊಳಗೆ ನೀರು ತುಂಬಿಕೊಂಡ ಗುರುತು. ಈ ಹಂತದಿಂದ ಉಳಿಯುವ ಮೀನು ಕಡಿಮೆ. ಬೇರೆ ಡಬ್ಬಿಯಲ್ಲಿ, ಮೀನು ಸುಲಭವಾಗಿ ಮೇಲೆ ಬರುವಷ್ಟು ತಗ್ಗಿನ ಬೆಚ್ಚಗಿನ ನೀರಿನಲ್ಲಿ ಇಟ್ಟು, ಮೀನು ನೋಡುವ ಪಶುವೈದ್ಯರು ಸಿಕ್ಕರೆ ಕೇಳಿ. ಕೈಯಲ್ಲಿ ಗಾಯವಿದ್ದರೆ ಗ್ಲೌಸ್ ಇಲ್ಲದೆ ಆ ನೀರಿಗೆ ಕೈ ಹಾಕಬೇಡಿ. ಮೀನಿನ ಕೆಲವು ಬ್ಯಾಕ್ಟೀರಿಯಾಗಳು ನಮ್ಮ ಚರ್ಮಕ್ಕೂ ಸೋಂಕು ತರುತ್ತವೆ.